ತಂದೆತಾಯಿಗಳಿದ್ದೂ ತಬ್ಬಲಿಗಳು: ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದಲ್ಲಿ ಪಾಲನೆಯ ಪ್ರಶ್ನೆ

೧

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ಪ್ರಣಯದ ರುದ್ರನಾಟಕವೆಂದು ಲೋಕಪ್ರಸಿದ್ಧವಾಗಿದೆ. ಅದರ ದುರಂತಕ್ಕೆ ಕಾರಣವೇನೆಂದು ಕೇಳಿದರೆ ವಿಮರ್ಶಕರಿಂದ ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ. ಎರಡು ಮನೆತನಗಳ ಹಳೆಯ ಹಗೆತನ ಎಂಬುದು ಮೊದಲನೆಯದು. ವಿಧಿ ಎಂಬುದು ಎರಡನೆಯದು. ತರುಣರ ಆತುರ ಎಂಬುದು ಮೂರನೆಯದು. ಮೊದಲ ಎರಡಕ್ಕೆ ನಾಟಕದ ನಾಂದಿಯೇ ಆಧಾರ. ಮೂರನೆಯದಕ್ಕೆ ಯತಿ ಲಾರೆನ್ಸನು ನಡುನಡುವೆ ಹೇಳುವ ಬುದ್ಧಿವಾದವೇ ಆಧಾರ. ಆದರೂ ಈ ಮೂರು ಉತ್ತರಗಳಿಂದ ಓದುಗನಿಗೆ ಪೂರ್ಣ ಸಮಾಧಾನವಾಗುವುದಿಲ್ಲ. ಹಗೆತನದ ಕಾರಣವನ್ನು ಕವಿ ಎಲ್ಲಿಯೂ ಹೇಳಿಲ್ಲ. ಅದರ ಕಾವೂ ಬಹುಮಟ್ಟಿಗೆ ಸೇವಕರಲ್ಲಿ ಮತ್ತು ಟೈಬಾಲ್ಟನಲ್ಲಿ ಉಳಿದಿದೆಯೇ ಹೊರತು, ಮನೆಯ ಯಜಮಾನರಲ್ಲಿ ಆರುತ್ತ ಬಂದಂತೆ ತೋರುತ್ತದೆ. ತನ್ನ ಔತಣಕ್ಕೆ ಕರೆಯದೆ ಬಂದ ರೋಮಿಯೋನನ್ನು ಕಂಡ ಕ್ಯಾಪುಲೆಟ್ ಅವನನ್ನು ಸದ್ಗುಣಿಯೆಂದು ಹೊಗಳಿ, ಜಗಳಕ್ಕೆ ಹೊರಟ ಟೈಬಾಲ್ಟನನ್ನೇ ಗದರಿಸುತ್ತಾನೆ. ಇಷ್ಟು ಸಡಿಲವಾದ ಹಗೆಯೊಂದೇ ಎರಡು ಎಳೆಯ ಜೀವಗಳನ್ನು ಬಲಿ ತೆಗೆದುಕೊಂಡಿತೆನ್ನುವುದು ಕಷ್ಟ. ಎಚ್. ಬಿ. ಚಾರ್ಲ್‌ಟನ್ ಈ ನಾಟಕವನ್ನು ರುದ್ರನಾಟಕದ ಒಂದು ಪ್ರಯೋಗವೆಂದು ಮಾತ್ರ ಕರೆದು, ಹಗೆ ಮತ್ತು ವಿಧಿ ಎರಡೂ ಅದರ ಭಾರವನ್ನು ಹೊರಲಾರವೆಂದು ಸಂಶಯಪಟ್ಟದ್ದು ಈ ಕಾರಣದಿಂದಲೇ.

ನಾಟಕವನ್ನು ಇನ್ನೊಂದು ಕಡೆಯಿಂದ ಪ್ರವೇಶಿಸಲು ಸಾಧ್ಯವಿದೆ. ಈ ಇಬ್ಬರು ಮಕ್ಕಳಿಗೆ ಕಷ್ಟ ಬಂದಾಗ ಅವರು ಯಾರ ಬಳಿಗೆ ಹೋದರು? ಯಾರ ಬಳಿಗೆ ಹೋಗಲಿಲ್ಲ? ಏಕೆ? ಈ ಸರಳ ಪ್ರಶ್ನೆಗಳನ್ನು ಕೈದೀಪವಾಗಿ ಹಿಡಿದು ನಡೆದರೆ ವೆರೋನಾ ನಗರದ ಎರಡು ಶ್ರೀಮಂತ ಮನೆಗಳ ಒಳಗೆ ಒಂದು ಬರಿದಾದ ಸ್ಥಾನ ಕಾಣಿಸುತ್ತದೆ. ಅದು ತಂದೆತಾಯಿಗಳ ಸ್ಥಾನ. ಆ ಸ್ಥಾನದಲ್ಲಿ ಒಬ್ಬ ದಾದಿಯೂ ಒಬ್ಬ ಯತಿಯೂ ಕುಳಿತಿದ್ದಾರೆ. ಇಬ್ಬರೂ ಪ್ರೀತಿಯುಳ್ಳವರು. ಇಬ್ಬರೂ ಕೊನೆಯ ಗಳಿಗೆಯಲ್ಲಿ ಎದ್ದು ಹೋಗುತ್ತಾರೆ.

೨

ಈ ದೃಷ್ಟಿ ಆಧುನಿಕರ ಕಲ್ಪನೆಯಲ್ಲವೆಂಬುದಕ್ಕೆ ಕವಿ ತನ್ನ ಮೂಲಕಥೆಯಲ್ಲಿ ಮಾಡಿಕೊಂಡ ಬದಲಾವಣೆಗಳೇ ಸಾಕ್ಷಿ. ಆರ್ಥರ್ ಬ್ರೂಕ್ ೧೫೬೨ರಲ್ಲಿ ಪ್ರಕಟಿಸಿದ ದೀರ್ಘ ಕಥನಕಾವ್ಯವೇ ನಾಟಕದ ಮುಖ್ಯ ಆಕರ. ಅದರಲ್ಲಿ ನಾಯಕಿಗೆ ಹದಿನಾರು ವರ್ಷ. ೧೫೬೭ರಲ್ಲಿ ಇದೇ ಕಥೆಯನ್ನು ಗದ್ಯದಲ್ಲಿ ಹೇಳಿದ ವಿಲಿಯಂ ಪೇಂಟರನಲ್ಲಿ ಆಕೆಗೆ ಹದಿನೆಂಟು. ಷೇಕ್ಸ್‌ಪಿಯರ್ ಆ ವಯಸ್ಸನ್ನು ಹದಿನಾಲ್ಕು ತುಂಬದ ಬಾಲೆಯ ಮಟ್ಟಕ್ಕೆ ಇಳಿಸಿದನು. ಬ್ರೂಕನ ಕಾವ್ಯದಲ್ಲಿ ತಿಂಗಳುಗಟ್ಟಲೆ ಹರಡಿದ್ದ ಕಥೆಯನ್ನು ನಾಲ್ಕೈದು ದಿನಗಳ ಅವಧಿಗೆ ಒತ್ತಿ ತಂದನು. ಅಂದಿನ ಇಂಗ್ಲೆಂಡಿನಲ್ಲಿ ಹೆಣ್ಣು ಹನ್ನೆರಡು ವರ್ಷಕ್ಕೆ ಮದುವೆಯಾಗಲು ಧರ್ಮನಿಯಮದ ಸಮ್ಮತಿಯಿತ್ತು, ನಿಜ. ಆದರೆ ವಾಸ್ತವದಲ್ಲಿ ಸಾಮಾನ್ಯ ಹೆಂಗಸರು ಮದುವೆಯಾಗುತ್ತಿದ್ದುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆದ್ದರಿಂದ ಹದಿಮೂರು ವರ್ಷದ ವಧು ಅಂದಿನ ಪ್ರೇಕ್ಷಕರ ಕಣ್ಣಿಗೂ ಮಗುವಾಗಿಯೇ ಕಂಡಿರಬೇಕು. ಕವಿಗೆ ಬೇಕಾಗಿದ್ದುದು ಪ್ರೌಢ ಪ್ರೇಯಸಿಯಲ್ಲ. ಇನ್ನೂ ಹಿರಿಯರ ಆಸರೆ ಬೇಕಾದ ಹುಡುಗಿ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಆ ಕಾಲದ ಉಚ್ಚಕುಲಗಳಲ್ಲಿ ಶಿಶುಗಳನ್ನು ದಾದಿಯರ ಮೊಲೆಹಾಲಿಗೆ ಒಪ್ಪಿಸುವುದು ವಾಡಿಕೆಯಾಗಿತ್ತು. ಹೀಗಿರುವಾಗ ಅದನ್ನು ಉಪೇಕ್ಷೆಯೆಂದು ಕರೆಯುವುದು ನ್ಯಾಯವೇ ಎಂದು ಕೇಳಬಹುದು. ಆ ಶತಮಾನದ ಇಂಗ್ಲಿಷ್ ಕುಟುಂಬಗಳಲ್ಲಿ ತಂದೆತಾಯಿ–ಮಕ್ಕಳ ಸಂಬಂಧವೇ ತಣ್ಣಗಿತ್ತೆಂದು ಲಾರೆನ್ಸ್ ಸ್ಟೋನ್ ೧೯೭೭ರಲ್ಲಿ ಪ್ರತಿಪಾದಿಸಿದರು. ಆದರೆ ಲಿಂಡಾ ಪೊಲಾಕ್ ೧೯೮೩ರಲ್ಲಿ ದಿನಚರಿಗಳನ್ನೂ ಆತ್ಮಚರಿತ್ರೆಗಳನ್ನೂ ಪರಿಶೀಲಿಸಿ, ಮಕ್ಕಳ ಮೇಲಣ ಮಮತೆ ಅಂದೂ ಇಂದಿನಂತೆಯೇ ಇತ್ತೆಂದು ತೋರಿಸಿದರು. ಈ ಚರ್ಚೆ ಏನೇ ಇರಲಿ, ನಾಟಕದ ಮಟ್ಟಿಗೆ ಒಂದು ಮಾತು ಸ್ಪಷ್ಟ: ಆ ವಾಡಿಕೆಯನ್ನು ಕವಿ ಹಿನ್ನೆಲೆಯಲ್ಲಿ ಬಿಟ್ಟುಬಿಡದೆ ರಂಗದ ನಡುವಿಗೆ ತಂದು, ಅದರ ಬೆಲೆಯೇನೆಂದು ವಿಚಾರಿಸಿದ್ದಾನೆ.

೩

ಮೊದಲನೆಯ ಅಂಕದ ಮೂರನೆಯ ದೃಶ್ಯವನ್ನು ನೋಡಬೇಕು. ಜೂಲಿಯೆಟ್ ರಂಗಕ್ಕೆ ಬರುವುದು ಇಲ್ಲಿಯೇ ಮೊದಲು. ಮಗಳೊಡನೆ ಮದುವೆಯ ಮಾತಾಡಬೇಕೆಂದು ತಾಯಿ ದಾದಿಯನ್ನು ಹೊರಗೆ ಹೋಗಹೇಳುತ್ತಾಳೆ. ಮರುಕ್ಷಣವೇ ಮನಸ್ಸು ಬದಲಾಯಿಸಿ ಮರಳಿ ಕರೆಯುತ್ತಾಳೆ. ಮಗಳೊಡನೆ ಏಕಾಂತವಾಗಿ ಮಾತಾಡಲು ಆ ತಾಯಿಗೆ ಧೈರ್ಯ ಸಾಲದು. ಜೂಲಿಯೆಟ್ ತಾಯಿಯನ್ನು ‘ಅಮ್ಮಣ್ಣಿಯವರೇ’ ಎಂಬಂಥ ದೂರದ ಗೌರವಪದದಿಂದ ಸಂಬೋಧಿಸಿ, ಅಪ್ಪಣೆಯೇನೆಂದು ಕೇಳುತ್ತಾಳೆ. ಹುಡುಗಿಯ ವಯಸ್ಸಿನ ಪ್ರಸ್ತಾಪ ಬಂದಾಗ ತಾಯಿಗೆ ತಿಳಿದಿರುವುದು ಹದಿನಾಲ್ಕು ತುಂಬಿಲ್ಲ ಎಂಬಷ್ಟು ಮಾತ್ರ. ದಾದಿಯಾದರೋ ಗಳಿಗೆಯ ಲೆಕ್ಕದಲ್ಲಿ ಹೇಳಬಲ್ಲಳು: ಆಗಸ್ಟ್ ಮೊದಲ ದಿನದ ಸುಗ್ಗಿಹಬ್ಬದ ಹಿಂದಿನ ರಾತ್ರಿಗೆ ಆಕೆಗೆ ಹದಿನಾಲ್ಕು.

ಅನಂತರ ದಾದಿ ಹೇಳುವ ನೆನಪುಗಳು ಹಾಸ್ಯಪ್ರಸಂಗವೆಂದು ಹೆಸರಾಗಿವೆ. ಡಾಕ್ಟರ್ ಜಾನ್‌ಸನ್ ಈ ಪಾತ್ರವನ್ನು ಕವಿ ತಾನೇ ಮೆಚ್ಚಿ ಚಿತ್ರಿಸಿದ ಪಾತ್ರಗಳಲ್ಲಿ ಒಂದೆಂದು ಎಣಿಸಿದನು. ಆದರೆ ನಗುವಿನ ಪೊರೆಯನ್ನು ಸರಿಸಿ ನೋಡಿದರೆ ಅಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ದಾದಿಗೂ ಸೂಸನ್ ಎಂಬ ಮಗಳಿದ್ದಳು; ಜೂಲಿಯೆಟ್‌ಳ ಓರಗೆಯವಳು; ಶೈಶವದಲ್ಲಿಯೇ ತೀರಿಕೊಂಡಳು. ಸತ್ತ ಮಗಳ ಪಾಲಿನ ಹಾಲನ್ನು ಈ ಮಗು ಕುಡಿದಿದೆ. ಸತ್ತ ಮಗಳ ಪಾಲಿನ ಮಮತೆಯೂ ಇದಕ್ಕೇ ಸಂದಿದೆ. ಎರಡನೆಯದು, ಹನ್ನೊಂದು ವರ್ಷಗಳ ಹಿಂದೆ, ಭೂಕಂಪವಾದ ದಿನ, ಮಗುವಿಗೆ ಹಾಲು ಬಿಡಿಸಿದ ಪ್ರಸಂಗ. ದಾದಿ ಮೊಲೆಗೆ ಕಹಿಗಿಡದ ರಸ ಹಚ್ಚಿಕೊಂಡು ಪಾರಿವಾಳದ ಗೂಡಿನ ಗೋಡೆಯ ಬಳಿ ಬಿಸಿಲಿನಲ್ಲಿ ಕುಳಿತಿದ್ದಳು. ನೆಲ ನಡುಗಿತು. ಹಿಂದಿನ ದಿನ ಮಗು ಬಿದ್ದು ಹಣೆಗೆ ಪೆಟ್ಟು ಮಾಡಿಕೊಂಡಿತ್ತು. ಎತ್ತಿ ಸಮಾಧಾನಪಡಿಸಿದವನು ದಾದಿಯ ಗಂಡ. ಯಜಮಾನರೂ ಯಜಮಾನಿಯೂ ಆಗ ಮಾಂಟುವಾದಲ್ಲಿದ್ದರು ಎಂದು ದಾದಿ ತಾಯಿಯ ಮುಖದೆದುರಿಗೇ ಹೇಳುತ್ತಾಳೆ. ಹೇಳುವವಳಲ್ಲಿ ದೂರುವ ಉದ್ದೇಶವಿಲ್ಲ. ಕೇಳುವವಳಿಗೆ ಅದು ದೂರಾಗಿ ಕೇಳಿಸುವುದೂ ಇಲ್ಲ. ಮಗು ಬಿದ್ದ ದಿನ, ಮಗು ಹಾಲು ಬಿಟ್ಟ ದಿನ, ಭೂಮಿ ನಡುಗಿದ ದಿನ, ಹೆತ್ತವರು ಬೇರೆ ಊರಿನಲ್ಲಿ. ಉಪೇಕ್ಷೆಯ ಇತಿಹಾಸವನ್ನು ಇದಕ್ಕಿಂತ ಅಡಕವಾಗಿ ಹೇಳಲಾಗದು. ಮುಂದೆ ಅದೇ ಮಾಂಟುವಾ ರೋಮಿಯೋನ ಗಡೀಪಾರಿನ ಊರಾಗುತ್ತದೆ. ಈ ಹುಡುಗಿ ಒಂಟಿಯಾಗುವಾಗಲೆಲ್ಲ ಆಕೆಗೆ ಬೇಕಾದವರು ಮಾಂಟುವಾದಲ್ಲಿರುತ್ತಾರೆ.

ಪಾಠಶೋಧನೆಯ ಒಂದು ಸಂಗತಿಯನ್ನೂ ಇಲ್ಲಿ ಗಮನಿಸಬಹುದು. ೧೫೯೯ರಲ್ಲಿ ಅಚ್ಚಾದ ಎರಡನೆಯ ಪ್ರತಿ ಈ ನಾಟಕದ ವಿಶ್ವಸನೀಯ ಪಾಠ. ಅದರಲ್ಲಿ ಮಾತುಗಳ ಮುಂದೆ ಪಾತ್ರಸೂಚಕವಾಗಿ ಜೂಲಿಯೆಟ್‌ಳ ತಾಯಿಯನ್ನು ಒಂದೆಡೆ ‘ಹೆಂಡತಿ’ ಎಂದೂ, ಒಂದೆಡೆ ‘ತಾಯಿ’ ಎಂದೂ, ಮತ್ತೊಂದೆಡೆ ‘ಮುದುಕಿ ಯಜಮಾನಿ’ ಎಂಬರ್ಥದ ಪದದಿಂದಲೂ ಗುರುತಿಸಲಾಗಿದೆ. ‘ಲೇಡಿ ಕ್ಯಾಪುಲೆಟ್’ ಎಂಬ ಸ್ಥಿರನಾಮವನ್ನು ಕೊಟ್ಟವರು ಅನಂತರದ ಸಂಪಾದಕರು. ಕೈಬರಹದ ಅನಿಶ್ಚಯವಿರಬಹುದು; ಆದರೂ ಆಕೆ ಒಂದೊಂದು ಸನ್ನಿವೇಶದಲ್ಲಿ ಒಂದೊಂದು ಪಾತ್ರವನ್ನು ತೊಟ್ಟುಕೊಳ್ಳುವವಳು, ತಾಯ್ತನವೂ ಅವುಗಳಲ್ಲಿ ಒಂದು ಮಾತ್ರ ಎಂಬ ಭಾವವನ್ನು ಅದು ಬಲಪಡಿಸುತ್ತದೆ.

ತಂದೆಯ ಚಿತ್ರ ಇದಕ್ಕಿಂತ ಜಟಿಲವಾಗಿದೆ. ಕ್ಯಾಪುಲೆಟ್ ಕ್ರೂರಿಯಲ್ಲ. ಪ್ಯಾರಿಸ್ ಹೆಣ್ಣು ಕೇಳಲು ಬಂದಾಗ, ತನ್ನ ಉಳಿದ ಆಸೆಗಳನ್ನೆಲ್ಲ ಮಣ್ಣು ನುಂಗಿತು, ಇವಳೊಬ್ಬಳೇ ಉಳಿದವಳು, ಇನ್ನೆರಡು ಬೇಸಿಗೆ ಕಳೆಯಲಿ, ಅವಳ ಒಪ್ಪಿಗೆಯಿಲ್ಲದೆ ತನ್ನ ಒಪ್ಪಿಗೆಯಿಲ್ಲ ಎಂದು ವಿವೇಕದ ಮಾತನ್ನೇ ಆಡುತ್ತಾನೆ. ಅದಾದ ಮರುದಿನ, ಸೋಮವಾರ ನಡುರಾತ್ರಿ, ಟೈಬಾಲ್ಟನ ಸಾವಿನ ಗದ್ದಲದಲ್ಲಿ, ಮಗಳ ಮುಖವನ್ನೂ ನೋಡದೆ ಗುರುವಾರಕ್ಕೆ ಮುಹೂರ್ತ ನಿಶ್ಚಯಿಸಿಬಿಡುತ್ತಾನೆ. ಬುಧವಾರವಾದರೆ ತೀರ ಬೇಗವಾಯಿತೆಂದು ತಾನೇ ಲೆಕ್ಕ ಹಾಕಿದವನು ಮರುದಿನ ಅದನ್ನು ಬುಧವಾರಕ್ಕೇ ಹಿಂದೂಡುತ್ತಾನೆ. ಹುಡುಗಿ ಮೊಣಕಾಲೂರಿ ಬೇಡಿಕೊಂಡಾಗ, ಹೊಡೆಯಲು ಬೆರಳು ತುರಿಸುತ್ತಿವೆ ಎನ್ನುತ್ತಾನೆ; ಬೀದಿಯಲ್ಲಿ ಬೇಡಿ ಉಪವಾಸ ಸಾಯಿ ಎನ್ನುತ್ತಾನೆ; ಇದ್ದ ಒಂದೇ ಮಗುವೂ ಒಂದು ಹೆಚ್ಚಾಯಿತೆನ್ನುತ್ತಾನೆ. ಆದರೆ ಅದೇ ಉಸಿರಿನಲ್ಲಿ, ಹಗಲೂ ಇರುಳೂ ಇವಳಿಗೆ ತಕ್ಕ ವರನನ್ನು ಹುಡುಕುವುದೇ ತನ್ನ ಚಿಂತೆಯಾಗಿತ್ತೆಂದೂ ಹೇಳುತ್ತಾನೆ. ಅದು ಸುಳ್ಳಲ್ಲ. ಅವನ ಪಾಲಿಗೆ ಪಾಲನೆಯೆಂದರೆ ಒಳ್ಳೆಯ ಕಡೆ ಕೊಡುವುದು. ಮಗಳ ಬಗೆಗೆ ಚಿಂತಿಸುವುದಕ್ಕೂ ಮಗಳ ಮಾತನ್ನು ಕೇಳುವುದಕ್ಕೂ ವ್ಯತ್ಯಾಸವಿದೆಯೆಂದು ಅವನಿಗೆ ಹೊಳೆದೇ ಇಲ್ಲ. ಉಪೇಕ್ಷೆಗೆ ದ್ವೇಷ ಬೇಕಾಗಿಲ್ಲ. ಕೆಲವೊಮ್ಮೆ ಅದು ಅತಿಯಾದ ವ್ಯವಸ್ಥೆಯ ರೂಪದಲ್ಲಿ ಬರುತ್ತದೆ.

ಅದೇ ಬೆಳಗ್ಗೆ ತಾಯಿ ಮಗಳ ಕೋಣೆಗೆ ಬರುತ್ತಿರುವಳೆಂದು ಕೇಳಿದಾಗ ಜೂಲಿಯೆಟ್ ಆಶ್ಚರ್ಯಪಡುತ್ತಾಳೆ. ವಾಡಿಕೆಯಿಲ್ಲದ ಯಾವ ಕಾರಣ ಆಕೆಯನ್ನು ಇಲ್ಲಿಗೆ ತಂದಿತೆಂದು ತನ್ನಲ್ಲೇ ಕೇಳಿಕೊಳ್ಳುತ್ತಾಳೆ. ತಾಯಿ ಮಗಳ ಕೋಣೆಗೆ ಬರುವುದು ಆ ಮನೆಯಲ್ಲಿ ವಾಡಿಕೆಯಲ್ಲ. ತಂದೆ ಸಿಡುಕಿ ಹೊರಟುಹೋದ ಮೇಲೆ ಹುಡುಗಿ ತಾಯಿಯನ್ನು ಮೊದಲ ಬಾರಿಗೆ ಹತ್ತಿರದ ಮಾತಿನಿಂದ ಕರೆದು, ತನ್ನನ್ನು ಹೊರಗೆ ಎಸೆಯಬಾರದೆಂದು, ಒಂದು ತಿಂಗಳು, ಒಂದು ವಾರವಾದರೂ ತಡೆಯಬೇಕೆಂದು ಅಂಗಲಾಚುತ್ತಾಳೆ. ತಾಯಿಯ ಉತ್ತರ ಎರಡೇ ಸಾಲು. ಮಾತಾಡಿಸಬೇಡ, ನಿನ್ನ ಸಹವಾಸ ನನಗೆ ಮುಗಿಯಿತು ಎಂದು ಹೊರಟುಹೋಗುತ್ತಾಳೆ.

೪

ಮಾಂಟಗ್ಯೂ ಮನೆಯ ಕಥೆ ಬೇರೆ. ಅಲ್ಲಿ ಗದರಿಕೆಯಿಲ್ಲ, ಮೌನವಿದೆ. ಮಗನೆಲ್ಲಿ ಎಂದು ತಾಯಿ ಆರಂಭದಲ್ಲಿಯೇ ಕೇಳುತ್ತಾಳೆ. ಅವನು ಜಗಳದಲ್ಲಿ ಇರಲಿಲ್ಲವೆಂದು ಸಂತೋಷಪಡುತ್ತಾಳೆ. ಮಗನು ಬೆಳಗಾಗೆ ಕಣ್ಣೀರಿಡುವುದನ್ನೂ, ಕಿಟಕಿ ಮುಚ್ಚಿ ಹಗಲನ್ನೇ ಇರುಳು ಮಾಡಿಕೊಳ್ಳುವುದನ್ನೂ ತಂದೆ ಬಲ್ಲ. ಕಾರಣ ಮಾತ್ರ ತಿಳಿಯದು. ತಾನೂ ಕೇಳಿದ್ದಾನೆ, ಗೆಳೆಯರಿಂದಲೂ ಕೇಳಿಸಿದ್ದಾನೆ. ಈಗ ಅಣ್ಣನ ಮಗನಾದ ಬೆನ್ವೋಲಿಯೋನಿಗೆ ಆ ಕೆಲಸವನ್ನೊಪ್ಪಿಸಿ, ಮಗನು ಬರುತ್ತಿರುವುದನ್ನು ಕಂಡು ಅತ್ತ ಸರಿದುಹೋಗುತ್ತಾನೆ. ಇದು ಕವಿಯ ಸೂಕ್ಷ್ಮ ರಂಗವಿನ್ಯಾಸ. ಮಗ ಬರುವಾಗ ಹೆತ್ತವರು ಹೋಗುತ್ತಾರೆ. ಇಡೀ ನಾಟಕದಲ್ಲಿ ರೋಮಿಯೋ ತನ್ನ ತಂದೆಯೊಡನಾಗಲಿ ತಾಯಿಯೊಡನಾಗಲಿ ರಂಗದ ಮೇಲೆ ಒಂದೇ ಒಂದು ಮಾತನ್ನೂ ಆಡುವುದಿಲ್ಲ.

ಆದರೆ ಅವನ ಮನಸ್ಸಿನಲ್ಲಿ ತಂದೆಗೆ ಸ್ಥಳವಿಲ್ಲವೆನ್ನುವಂತಿಲ್ಲ. ಐದನೆಯ ಅಂಕದಲ್ಲಿ ಮಾಂಟುವಾಕ್ಕೆ ಸೇವಕನಾದ ಬಾಲ್ತಜಾರನು ಬಂದೊಡನೆ ರೋಮಿಯೋ ಒಂದೇ ಉಸಿರಿಗೆ ಕೇಳುವ ಪ್ರಶ್ನೆಗಳು ಇವು: ಯತಿಯಿಂದ ಪತ್ರವಿಲ್ಲವೇ? ತನ್ನವಳು ಹೇಗಿದ್ದಾಳೆ? ತಂದೆಯವರು ಕ್ಷೇಮವೇ? ಸಾಕುತಂದೆಯ ಪತ್ರವನ್ನೂ ಹೆತ್ತ ತಂದೆಯ ಕ್ಷೇಮವನ್ನೂ ಅವನು ಒಟ್ಟಿಗೇ ವಿಚಾರಿಸುತ್ತಾನೆ. ತಂದೆಯ ಕ್ಷೇಮದ ಪ್ರಶ್ನೆಗೆ ಅವನಿಗೆ ಉತ್ತರ ದೊರೆಯುವುದಿಲ್ಲ. ಕೊನೆಗೆ ಅವನು ತಂದೆಗೆ ಒಂದು ಪತ್ರ ಬರೆದು, ಬೆಳಗಾದ ಮೇಲೆ ತಲುಪಿಸೆಂದು ಸೇವಕನ ಕೈಯಲ್ಲಿ ಕೊಟ್ಟು ಸ್ಮಶಾನದ ನೆಲಮಾಳಿಗೆಗೆ ಇಳಿಯುತ್ತಾನೆ. ಮಗನು ತಂದೆಗೆ ಮನಬಿಚ್ಚಿ ಹೇಳಿದ ಮೊದಲ ಮಾತು ಅದೇ. ಅದನ್ನು ಓದುವವನು ತಂದೆಯೂ ಅಲ್ಲ, ನಗರದ ಪ್ರಭು. ತಾಯಿ ಆ ವೇಳೆಗೆ ಮಗನ ಗಡೀಪಾರಿನ ದುಃಖದಿಂದ ಸತ್ತಿರುತ್ತಾಳೆ. ಅಷ್ಟು ಪ್ರೀತಿಯಿದ್ದ ತಾಯಿಗೂ ಮಗನಿಗೂ ನಡುವೆ ಮಾತಿರಲಿಲ್ಲ ಎಂಬುದೇ ಆ ಮನೆಯ ದುರಂತ.

೫

ಬರಿದಾದ ಸ್ಥಾನಕ್ಕೆ ಬಂದ ಇಬ್ಬರನ್ನು ಈಗ ಪರಿಶೀಲಿಸಬಹುದು. ದಾದಿಯ ಪ್ರೀತಿ ಮೈಯ ಪ್ರೀತಿ. ಅವಳು ಮಗುವಿನ ಹಸಿವನ್ನೂ ಬೀಳುವಿಕೆಯನ್ನೂ ಬಲ್ಲಳು. ಆ ಮಗುವಿನ ಮದುವೆಯನ್ನು ಕಣ್ತುಂಬ ನೋಡಬೇಕೆಂಬುದೇ ಅವಳ ಬಯಕೆ. ರೋಮಿಯೋನನ್ನು ಕಂಡು ಮಾತಾಡುವಾಗ, ತನ್ನ ಹುಡುಗಿ ಎಳೆಯಳು, ಅವಳಿಗೆ ಮೋಸ ಮಾಡಿದರೆ ಅದು ತುಂಬ ಹೀನವಾದ ನಡತೆ ಎಂದು ಎಚ್ಚರಿಸುತ್ತಾಳೆ. ಹೆತ್ತವರು ವರನಿಗೆ ಹೇಳಬೇಕಾದ ಮಾತು ಅದು, ಹೇಳಿದವಳು ಆಳು. ಕ್ಯಾಪುಲೆಟ್ ಮಗಳನ್ನು ಬೈಯುವಾಗ ಎದುರು ನಿಂತು, ಹೀಗೆ ಬೈಯುವುದು ತಮ್ಮದೇ ತಪ್ಪೆಂದು ಯಜಮಾನನಿಗೆ ಹೇಳುವ ಎದೆ ಇರುವುದೂ ಅವಳೊಬ್ಬಳಿಗೆ. ಅದಕ್ಕೆ ಅವಳಿಗೆ ಸಿಗುವುದು ಬಾಯಿ ಮುಚ್ಚೆಂಬ ಬೈಗುಳ.

ಇದಾದ ಕೆಲವೇ ಕ್ಷಣಗಳಲ್ಲಿ ಅವಳು ಕುಸಿಯುತ್ತಾಳೆ. ಏನಾದರೂ ಸಮಾಧಾನ ಹೇಳೆಂದು ಹುಡುಗಿ ಕೇಳಿದಾಗ, ರೋಮಿಯೋ ಇನ್ನು ಬರಲಾರ, ಬಂದರೂ ಗುಟ್ಟಾಗಿ ಬರಬೇಕು, ಆದ್ದರಿಂದ ಪ್ಯಾರಿಸನನ್ನು ಮದುವೆಯಾಗುವುದೇ ಮೇಲು ಎನ್ನುತ್ತಾಳೆ. ಪ್ಯಾರಿಸನ ಮುಂದೆ ರೋಮಿಯೋ ಪಾತ್ರೆ ಒರೆಸುವ ಬಟ್ಟೆಗೆ ಸಮವೆಂದೂ ಸೇರಿಸುತ್ತಾಳೆ. ಈ ಮಾತನ್ನು ವಿಮರ್ಶಕರು ಅವಳ ನೈತಿಕ ಸ್ಥೂಲತೆಗೆ ಉದಾಹರಣೆಯಾಗಿ ತೋರಿಸುತ್ತಾರೆ. ಅದು ನಿಜ. ಗಂಡನು ಬದುಕಿರುವಾಗ ಇನ್ನೊಬ್ಬನನ್ನು ವರಿಸುವುದು ಧರ್ಮನಿಯಮದಲ್ಲಿ ಮಹಾಪಾಪ. ಜೂಲಿಯೆಟ್ ಬೆದರುವುದೂ ಅದಕ್ಕೇ. ಆದರೆ ನೈತಿಕ ಸ್ಥೂಲತೆಯ ಮಾತಿನಲ್ಲಿ ಪೂರ್ತಿ ವಿವರಣೆ ದೊರೆಯುವುದಿಲ್ಲ. ದಾದಿ ಅನ್ನದ ಋಣದಲ್ಲಿ ಇರುವವಳು. ಗುಟ್ಟಿನ ಮದುವೆಗೆ ತಾನೂ ಕೈಹಾಕಿದ್ದು ಬಯಲಾದರೆ ಈ ಮುದಿ ವಯಸ್ಸಿನಲ್ಲಿ ಅವಳಿಗೆ ಬಾಗಿಲು ಮುಚ್ಚುತ್ತದೆ. ಯಜಮಾನನ ಗದರಿಕೆ ಅವಳ ಸ್ಥಾನವನ್ನು ಅವಳಿಗೆ ನೆನಪುಮಾಡಿಕೊಟ್ಟಿದೆ. ತಾಯಿಯ ಹೊಣೆಯನ್ನೆಲ್ಲ ಹೊತ್ತವಳಿಗೆ ತಾಯಿಯ ಹಕ್ಕು ಒಂದೂ ಇಲ್ಲ. ಹಕ್ಕಿಲ್ಲದ ಹೊಣೆ ಕೊನೆಯವರೆಗೆ ನಿಲ್ಲುವುದು ಬಹು ಕಷ್ಟ. ಮಗುವಿನ ಜೀವ ಉಳಿಯಲಿ, ಸುಖವಾಗಿ ಊಟಮಾಡಿಕೊಂಡಿರಲಿ ಎಂಬಷ್ಟಕ್ಕೆ ಅವಳ ಕಾಪಾಡುವಿಕೆ ಇಳಿದುಹೋಗುತ್ತದೆ. ಹುಡುಗಿ ಆ ಕ್ಷಣದಲ್ಲಿ ದೊಡ್ಡವಳಾಗುತ್ತಾಳೆ. ಸಮಾಧಾನವಾಯಿತೆಂದು ಹೊರನೋಟಕ್ಕೆ ಹೇಳಿ, ತನ್ನ ಎದೆಗೂ ಈ ದಾದಿಗೂ ಇನ್ನು ಸಂಬಂಧವಿಲ್ಲವೆಂದು ತನ್ನಲ್ಲೇ ತೀರ್ಮಾನಿಸುತ್ತಾಳೆ. ಹನ್ನೊಂದು ವರ್ಷಗಳ ಹಿಂದೆ ಬಿಡಿಸಿದ್ದ ಹಾಲು ನಿಜವಾಗಿ ಬಿಟ್ಟುಹೋದದ್ದು ಈಗ.

೬

ಯತಿ ಲಾರೆನ್ಸನು ದಾದಿಗಿಂತ ಎಲ್ಲ ವಿಧದಲ್ಲಿಯೂ ಮೇಲಿನವನು. ವಿದ್ಯೆ, ಸಂಯಮ, ಲೋಕಾನುಭವಗಳು ಅವನಲ್ಲಿವೆ. ರೋಮಿಯೋ ಅವನನ್ನು ತಂದೆಯೆಂದು ಕರೆಯುತ್ತಾನೆ. ಅವನು ರೋಮಿಯೋನನ್ನು ಮಗನೆಂದು ಕರೆಯುತ್ತಾನೆ. ಇದು ಮಠದ ಸಂಬೋಧನೆ ಮಾತ್ರವಲ್ಲ. ರೊಸಾಲಿನ್ ಎಂಬುವಳ ಮೇಲಣ ಮೋಹವನ್ನು ಹೆತ್ತ ತಂದೆ ಬೇರೆಯವರಿಂದ ಕೇಳಿಸಿಕೊಳ್ಳಬೇಕಾಗಿದ್ದಾಗ, ಈ ಯತಿಗೆ ಅದು ಮೊದಲೇ ತಿಳಿದಿತ್ತು. ಗಡೀಪಾರಿನ ವಾರ್ತೆ ಕೇಳಿ ಕತ್ತಿಯನ್ನೆತ್ತಿಕೊಂಡ ಹುಡುಗನ ಕೈ ಹಿಡಿದು ಗದರಿಸಿ ಉಳಿಸುವವನೂ ಅವನೇ. ಆ ದೃಶ್ಯದಲ್ಲಿ ಅವನು ಪೂರ್ಣವಾಗಿ ತಂದೆ.

ಅವನ ದೋಷವೇನು? ಗಿಡಮೂಲಿಕೆಗಳನ್ನು ಆಯುತ್ತ ಅವನು ರಂಗಕ್ಕೆ ಬರುವಾಗ, ಒಂದೇ ಹೂವಿನಲ್ಲಿ ವಿಷವೂ ಮದ್ದೂ ಸೇರಿರುವುದನ್ನು ಕುರಿತು ಚಿಂತಿಸುತ್ತಾನೆ. ಆ ಚಿಂತನೆ ಅವನಿಗೇ ಅನ್ವಯಿಸುತ್ತದೆ. ಮದುವೆ ಮಾಡಿಸಲು ಅವನು ಒಪ್ಪಿದ್ದು ಮಕ್ಕಳ ಪ್ರೀತಿಯನ್ನು ನಂಬಿ ಅಲ್ಲ. ರೋಮಿಯೋನ ಚಂಚಲತೆಯನ್ನು ಹಾಸ್ಯಮಾಡಿದ ಮೇಲೆ, ಈ ಸಂಬಂಧದಿಂದ ಎರಡು ಮನೆಗಳ ಹಗೆ ಅಳಿಯಬಹುದೆಂಬ ದೂರದ ಲಾಭವನ್ನೆಣಿಸಿ ಒಪ್ಪುತ್ತಾನೆ. ಉದ್ದೇಶ ಉದಾತ್ತವಾದದ್ದೇ. ಆದರೆ ನಗರದ ಶಾಂತಿಗೆ ಆ ಮಕ್ಕಳು ಸಾಧನವಾದರು. ಕ್ಯಾಪುಲೆಟ್ ಮಗಳನ್ನು ಮನೆತನದ ಏಳಿಗೆಗೆ ಬಳಸುವುದಕ್ಕೂ ಇದಕ್ಕೂ ನೀತಿಯಲ್ಲಿ ಅಂತರವುಂಟು. ಕ್ರಮದಲ್ಲಿ ಅಂತರ ಬಹಳವಿಲ್ಲ.

ಮುಂದೆ ಅವನಿಗೆ ಒಂದೇ ಒಂದು ಸತ್ಯವಾಕ್ಯದಿಂದ ಎಲ್ಲವನ್ನೂ ತಡೆಯುವ ಅವಕಾಶ ಸಿಗುತ್ತದೆ. ಮಂಗಳವಾರ ಪ್ಯಾರಿಸ್ ಅವನ ಆಶ್ರಮಕ್ಕೇ ಬಂದು ಗುರುವಾರದ ಮದುವೆಯ ಸುದ್ದಿ ಹೇಳುತ್ತಾನೆ. ಈ ಹುಡುಗಿಗೆ ಮದುವೆಯಾಗಿದೆ ಎಂದು ಯತಿ ಹೇಳಿದ್ದರೆ ಸಾಕಿತ್ತು. ಆ ಕಾಲದ ನಿಯಮದಂತೆ ವಧೂವರರ ಪರಸ್ಪರ ಸಮ್ಮತಿಯೇ ವಿವಾಹವನ್ನು ಸಿಂಧುಗೊಳಿಸುತ್ತಿತ್ತು. ಯತಿಯೇ ಅದಕ್ಕೆ ಸಾಕ್ಷಿ. ಹೇಳಿದರೆ ಅವನಿಗೆ ಅಪಕೀರ್ತಿ, ಬಹುಶಃ ದಂಡನೆ. ಅವನು ಸತ್ಯವನ್ನು ಹೇಳುವ ಬದಲು ಮದ್ದನ್ನು ಕೊಡುತ್ತಾನೆ. ನಲವತ್ತೆರಡು ಗಂಟೆ ಹೆಣದಂತೆ ಮಲಗುವ ಮದ್ದನ್ನು ಹದಿಮೂರು ವರ್ಷದ ಹುಡುಗಿಯ ಕೈಗಿತ್ತು ಮನೆಗೆ ಕಳುಹಿಸುತ್ತಾನೆ. ಆಕೆ ಸತ್ತಳೆಂದು ಮನೆಯವರೆಲ್ಲ ಗೋಳಾಡುವಾಗ, ಆಕೆ ಜೀವಂತವಾಗಿರುವುದನ್ನು ಬಲ್ಲ ಇವನೊಬ್ಬನೇ ನಿಂತು, ಮಗಳ ಏಳಿಗೆಯನ್ನೇ ಬಯಸಿದವರು ಅವಳು ಸ್ವರ್ಗಕ್ಕೇರಿದಾಗ ಅಳುವುದೇಕೆಂದು ಉಪದೇಶ ಮಾಡುತ್ತಾನೆ. ಉಪದೇಶ ಸರಿಯಾದದ್ದು, ಉಪದೇಶಿಸುವವನ ನಿಲುವು ಮಾತ್ರ ಸರಿಯಲ್ಲ.

ಪತ್ರದ ಪ್ರಸಂಗವನ್ನು ಆಕಸ್ಮಿಕವೆಂದು ಎಣಿಸುವುದು ರೂಢಿ. ಯತಿ ಜಾನನು ಪ್ಲೇಗಿನ ಸಂಶಯದಿಂದ ಒಂದು ಮನೆಯಲ್ಲಿ ಬಂಧಿತನಾದುದರಿಂದ ಪತ್ರ ತಲುಪಲಿಲ್ಲ. ಇದನ್ನೇ ಹಲವರು ವಿಧಿಯ ಆಟವೆಂದಿದ್ದಾರೆ. ಆದರೆ ಲಾರೆನ್ಸನು ರೋಮಿಯೋನನ್ನು ಬೀಳ್ಕೊಡುವಾಗ, ಕಾಲಕಾಲಕ್ಕೆ ಅವನ ಸೇವಕನ ಮೂಲಕವೇ ಸುದ್ದಿ ಕಳುಹಿಸುವೆನೆಂದು ಮಾತು ಕೊಟ್ಟಿದ್ದನು. ಆ ಸೇವಕ ವೆರೋನಾದಲ್ಲಿಯೇ ಇದ್ದನು. ಅವನಿಗೆ ಗುಟ್ಟನ್ನು ತಿಳಿಸದೆ ಬೇರೊಬ್ಬನನ್ನು ಕಳುಹಿಸಿದ್ದರಿಂದಲೇ, ಶವಸಂಸ್ಕಾರವನ್ನು ಕಣ್ಣಾರೆ ಕಂಡ ಬಾಲ್ತಜಾರನು ಕುದುರೆಯೇರಿ ಹೋಗಿ ಸುಳ್ಳು ಸುದ್ದಿಯನ್ನು ಸತ್ಯವೆಂದು ಮುಟ್ಟಿಸಿದನು. ಪ್ಲೇಗು ವಿಧಿಯದಿರಬಹುದು, ಕೊಟ್ಟ ಮಾತನ್ನು ಮರೆತದ್ದು ವಿಧಿಯದಲ್ಲ.

ನೆಲಮಾಳಿಗೆಯ ದೃಶ್ಯದಲ್ಲಿ ಪರೀಕ್ಷೆ ಮುಗಿಯುತ್ತದೆ. ಜೂಲಿಯೆಟ್ ಕಣ್ತೆರೆದಾಗ ಯತಿ ಪಕ್ಕದಲ್ಲಿದ್ದಾನೆ. ರೋಮಿಯೋ ಸತ್ತಿದ್ದಾನೆ. ಹುಡುಗಿಯನ್ನು ಸಂನ್ಯಾಸಿನಿಯರ ಮಠಕ್ಕೆ ಸೇರಿಸುವೆನೆಂದು ಅವನು ಹೇಳುತ್ತಾನೆ. ಹೊರಗೆ ಕಾವಲುಗಾರರ ಸದ್ದು ಕೇಳುತ್ತದೆ. ಇನ್ನು ನಿಲ್ಲಲು ತನಗೆ ಧೈರ್ಯವಿಲ್ಲವೆಂದು ಓಡಿಹೋಗುತ್ತಾನೆ. ಇನ್ನೊಂದು ನಿಮಿಷ ಅವನು ಆಕೆಯ ಕೈ ಹಿಡಿದು ನಿಂತಿದ್ದರೆ ಏನಾಗುತ್ತಿತ್ತೆಂಬುದು ಊಹೆಯ ಮಾತು. ಅವನು ನಿಲ್ಲಲಿಲ್ಲ ಎಂಬುದು ನಾಟಕದ ಮಾತು.

೭

ಈ ವಿಚಾರಸರಣಿಗೆ ಕೀಲಿಕೈಯಂತಿರುವುದು ನಾಲ್ಕನೆಯ ಅಂಕದ ಮೂರನೆಯ ದೃಶ್ಯದಲ್ಲಿ ಬರುವ ಜೂಲಿಯೆಟ್‌ಳ ಸ್ವಗತ. ಮದ್ದಿನ ಸೀಸೆ ಕೈಯಲ್ಲಿದೆ. ತಾಯಿಯೂ ದಾದಿಯೂ ಈಗತಾನೆ ಹೊರಗೆ ಹೋಗಿದ್ದಾರೆ. ಅವಳಿಗೆ ಮೈ ತಣ್ಣಗಾಗುತ್ತದೆ. ಇಬ್ಬರನ್ನೂ ಮರಳಿ ಕರೆಯಬೇಕೆನಿಸಿ ದಾದಿಯನ್ನು ಕೂಗುತ್ತಾಳೆ. ಮರುಕ್ಷಣವೇ ದಾದಿ ಬಂದು ಮಾಡುವುದೇನು, ಈ ದೃಶ್ಯವನ್ನು ತಾನೊಬ್ಬಳೇ ನಡೆಸಬೇಕು ಎಂದುಕೊಳ್ಳುತ್ತಾಳೆ. ಅನಂತರ ಯತಿಯ ಮೇಲೂ ಸಂಶಯ ಸುಳಿಯುತ್ತದೆ: ತಾನು ಮಾಡಿಸಿದ ಮದುವೆ ಬಯಲಾಗದಿರಲೆಂದು ಅವನು ಕೊಟ್ಟದ್ದು ವಿಷವೇ ಆಗಿದ್ದರೆ? ಸಂಶಯವನ್ನು ತಳ್ಳಿಹಾಕುತ್ತಾಳೆ, ನಿಜ. ಆದರೆ ಅದು ಹುಟ್ಟಿತೆಂಬುದೇ ಮುಖ್ಯ. ತಾಯಿ ಬಿಟ್ಟಳು, ದಾದಿ ಬಿಟ್ಟಳು, ಯತಿಯ ಮೇಲೆ ನಂಬಿಕೆ ಅಲುಗಾಡಿತು. ಹೀಗೆ ಒಂದೊಂದೇ ಆಸರೆ ಕಳಚಿ, ಮಗುವೊಂದು ನಡುರಾತ್ರಿ ಪೂರ್ಣ ಏಕಾಂತದಲ್ಲಿ ನಿಂತಿದೆ. ಅದೇ ಹೊತ್ತಿಗೆ ಕೆಳಗೆ ತಂದೆ ನಿದ್ದೆಗೆಟ್ಟು ಮದುವೆಯ ಅಡುಗೆಯ ಮೇಲ್ವಿಚಾರಣೆ ನಡೆಸುತ್ತಿದ್ದಾನೆ. ಮಾಳಿಗೆಯ ಮೇಲಿನ ಮೌನ, ಕೆಳಗಿನ ಸಡಗರ ಇವೆರಡನ್ನೂ ಕವಿ ಒಂದರ ಮೇಲೊಂದು ಇರಿಸಿರುವ ರೀತಿಯಲ್ಲಿಯೇ ಆ ಮನೆಯ ಚರಿತ್ರೆಯೆಲ್ಲ ಇದೆ.

ಸಾಕುವವರು ಹೆತ್ತವರಲ್ಲವಾದ್ದರಿಂದ ಹೀಗಾಯಿತೆಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರದ ತೀರ್ಮಾನ. ಕನ್ನಡ ಓದುಗನಿಗೆ ಇಲ್ಲಿ ಸಹಜವಾಗಿ ಕರ್ಣನ ನೆನಪಾಗುತ್ತದೆ. ಕುಂತಿ ನೀರಿಗೆ ಬಿಟ್ಟ ಮಗುವನ್ನು ರಾಧೆಯೂ ಅಧಿರಥನೂ ಎತ್ತಿಕೊಂಡರು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮರಹಸ್ಯವನ್ನು ಹೇಳಿ ರಾಜ್ಯದ ಆಸೆ ತೋರಿಸಿದಾಗ, ತನ್ನನ್ನು ಕಂಡೊಡನೆ ರಾಧೆಯ ಮೊಲೆಯಲ್ಲಿ ಹಾಲು ಬಂದುದನ್ನೂ, ತನ್ನ ಜಾತಕರ್ಮ ವಿವಾಹಗಳನ್ನು ಅಧಿರಥನೇ ಮಾಡಿಸಿದುದನ್ನೂ ಕರ್ಣ ನೆನೆಯುತ್ತಾನೆ. ಆ ಸಾಕುತಾಯಿ ಸೋಲಲಿಲ್ಲ. ಏಕೆಂದರೆ ಅವಳು ಮಗುವನ್ನು ತನ್ನ ಮನೆಯಲ್ಲಿ, ತನ್ನ ಹೆಸರಿನಲ್ಲಿ, ಲೋಕದ ಎದುರಿಗೆ ಸಾಕಿದಳು. ಕರ್ಣನು ರಾಧೇಯನಾದನು. ಜೂಲಿಯೆಟ್‌ಗೆ ದಾದಿಯ ಹೆಸರಿಲ್ಲ. ರೋಮಿಯೋನಿಗೆ ಯತಿಯ ಮನೆಯಿಲ್ಲ. ಅವರ ಮಮತೆಯೆಲ್ಲ ಗುಟ್ಟಿನಲ್ಲಿ, ಎರವಲು ಅಧಿಕಾರದಲ್ಲಿ ನಡೆಯಬೇಕಾಯಿತು. ಆದ್ದರಿಂದ ದೋಷ ಸಾಕುವಿಕೆಯಲ್ಲಿಲ್ಲ. ಹೆತ್ತವರು ಅಧಿಕಾರವನ್ನು ತಮ್ಮಲ್ಲಿಟ್ಟುಕೊಂಡು ಅಕ್ಕರೆಯ ಹೊಣೆಯನ್ನು ಮಾತ್ರ ಬೇರೆಯವರಿಗೆ ವಹಿಸಿದ್ದರಲ್ಲಿದೆ.

೮

ಉಪೇಕ್ಷೆಯ ವೃತ್ತ ಮನೆಯಲ್ಲಿಗೇ ಮುಗಿಯುವುದಿಲ್ಲ. ನಗರಕ್ಕೆ ತಂದೆಯಂತಿರುವ ಪ್ರಭು ಎಸ್ಕಲಸ್, ಹಗೆಗಳನ್ನು ಕಂಡೂ ಕಾಣದಂತೆ ಇದ್ದುದರಿಂದ ತಾನೂ ಇಬ್ಬರು ಬಂಧುಗಳನ್ನು ಕಳೆದುಕೊಂಡೆನೆಂದು ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಮನೆ, ಮಠ, ಅರಮನೆ ಮೂರೂ ಕಡೆ ಹಿರಿಯರು ಕಣ್ಣು ತಿರುಗಿಸಿದರು. ಬ್ರೂಕನ ಕಾವ್ಯದ ಕೊನೆಯಲ್ಲಿ ದಾದಿಗೆ ದೇಶಭ್ರಷ್ಟತೆಯೂ, ವಿಷ ಮಾರಿದವನಿಗೆ ಗಲ್ಲೂ ವಿಧಿಸಲ್ಪಡುತ್ತವೆ. ಯತಿ ಬಿಡುಗಡೆ ಹೊಂದಿ ಏಕಾಂತವಾಸದಲ್ಲಿ ಐದು ವರ್ಷ ಕಳೆದು ಸಾಯುತ್ತಾನೆ. ಷೇಕ್ಸ್‌ಪಿಯರ್ ಈ ತೀರ್ಪುಗಳನ್ನು ಬಿಟ್ಟುಬಿಟ್ಟನು. ಕೆಲವರಿಗೆ ಕ್ಷಮೆ, ಕೆಲವರಿಗೆ ಶಿಕ್ಷೆ ಎಂದಷ್ಟೇ ಹೇಳಿಸಿ ತೆರೆ ಎಳೆದನು. ದಾದಿಯನ್ನೋ ಯತಿಯನ್ನೋ ದಂಡಿಸಿದರೆ ಹೆತ್ತವರ ಲೆಕ್ಕ ಚುಕ್ತಾ ಆದಂತೆ ಕಾಣುತ್ತಿತ್ತು. ಕವಿಗೆ ಅದು ಬೇಡವಾಗಿತ್ತು.

ಕೊನೆಯ ಚಿತ್ರ ಇಬ್ಬರು ತಂದೆಯರದು. ಕ್ಯಾಪುಲೆಟ್ ಮಾಂಟಗ್ಯೂನನ್ನು ಸೋದರನೆಂದು ಕರೆದು ಕೈ ಚಾಚುತ್ತಾನೆ. ಆ ಹಸ್ತವೇ ತನ್ನ ಮಗಳಿಗೆ ಗಂಡಿನ ಕಡೆಯಿಂದ ಬರಬೇಕಾದ ವಿವಾಹಧನವೆನ್ನುತ್ತಾನೆ. ಮಾಂಟಗ್ಯೂ ಅದಕ್ಕಿಂತ ಹೆಚ್ಚು ಕೊಡಬಲ್ಲೆನೆಂದು, ಜೂಲಿಯೆಟ್‌ಳ ಅಪ್ಪಟ ಬಂಗಾರದ ಪ್ರತಿಮೆಯನ್ನು ನಿಲ್ಲಿಸುವುದಾಗಿ ಹೇಳುತ್ತಾನೆ. ರೋಮಿಯೋನದೂ ಅಷ್ಟೇ ಬೆಲೆಯದಾಗಿ ಅವಳ ಪಕ್ಕದಲ್ಲಿರುವುದೆಂದು ಕ್ಯಾಪುಲೆಟ್ ಉತ್ತರಿಸುತ್ತಾನೆ. ಪಶ್ಚಾತ್ತಾಪ ನಿಜವಾದದ್ದು, ಹಗೆಯೂ ನಿಜವಾಗಿಯೇ ಮುಗಿಯಿತು. ಆದರೂ ಆ ಮಾತಿನ ಧಾಟಿ ಇನ್ನೂ ಮದುವೆಯ ಚೌಕಾಸಿಯದೇ. ಇಬ್ಬರೂ ಮಕ್ಕಳಿಗೆ ಕೊಡಬಲ್ಲುದು ಅಂದೂ ಬಂಗಾರ, ಇಂದೂ ಬಂಗಾರ. ಬಂಗಾರದ ಮಕ್ಕಳು ಅಳುವುದಿಲ್ಲ, ಕಿಟಕಿ ಮುಚ್ಚಿಕೊಳ್ಳುವುದಿಲ್ಲ, ಒಂದು ವಾರ ತಡೆಯಿರೆಂದು ಬೇಡುವುದಿಲ್ಲ.

ಈ ನಾಟಕವನ್ನು ಪ್ರೇಮಿಗಳ ಕಥೆಯೆಂದು ಓದುವುದು ತಪ್ಪಲ್ಲ; ಆದರೆ ಅದು ಅಷ್ಟೇ ಅಲ್ಲ. ನಾಲ್ಕು ನೂರು ವರ್ಷಗಳಿಗೂ ಮೀರಿ ಅದು ತರುಣರ ಕಣ್ಣಲ್ಲಿ ನೀರು ತರಿಸುತ್ತ ಬಂದಿದೆ. ಅದನ್ನು ಮತ್ತೊಮ್ಮೆ ಓದಬೇ­ಕಾದವರು ಬಹುಶಃ ತರುಣರಲ್ಲ, ಅವರ ಹೆತ್ತವರು. ಮಗುವಿಗೆ ಬೇಕಾದುದನ್ನೆಲ್ಲ ಒದಗಿಸಿದೆವೆಂಬ ತೃಪ್ತಿಯಲ್ಲಿರುವ ಮನೆಯೊಳಗೆ, ಆ ಮಗು ತನ್ನ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳುತ್ತಿದೆ ಎಂದು ಈ ನಾಟಕ ಕೇಳುತ್ತದೆ. ಮಾಂಟುವಾಕ್ಕೆ ಹೋಗಿದ್ದ ಹೆತ್ತವರಿಗೆ ಆ ಪ್ರಶ್ನೆ ನೆಲ ನಡುಗಿದಾಗಲೂ ಕೇಳಿಸಲಿಲ್ಲ.